ಹನ್ನೊಂದನೇ ನಿಮಿಷದ ಕೆಮ್ಮು

ಹಾಸನದ ಎಪಿಎಂಸಿ ಹಿಂದೆ, ಶೈತ್ಯಾಗಾರದಲ್ಲಿ
ರಾತ್ರಿ ಪಾಳಿ ನನ್ನದು.
ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆ
ಕಣ್ಣು ಬಿಡದ ಹಾಗೆ ಮಲಗಿಸಿಡುವುದು.
ಮೂರು ಡಿಗ್ರಿ. ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯುವುದು.
ಮಿಕ್ಕಿದ್ದು ಕಂಪ್ರೆಸರಿನ ಪಾಲು,
ಗುಂಯ್ಯೆಂದು, ಬೆಳಗಿನ ತನಕ ಒಂದೇ ಸಮ.

ಸಂಗೀತ ನನಗೆ ಯಾರೂ ಹೇಳಿಕೊಡಲಿಲ್ಲ.
ಸಿನಿಮಾ ಹಾಡು ಮುಗಿದ ಮೇಲೆ ಫೋನು ತಾನೇ ಮುಂದಕ್ಕೆ ಹೋಗಿ
(ಕೈಗವಸು ತೊಟ್ಟಿದ್ದೆ, ನಿಲ್ಲಿಸಲಾಗಲಿಲ್ಲ)
ಯಾರೋ ಒಬ್ಬ ಮುದುಕ
ಪದವೇ ಇಲ್ಲದೆ ಏನನ್ನೋ ಹುಡುಕತೊಡಗಿದ,
ಕರೆಂಟು ಹೋದಾಗ ಬೆಂಕಿಪೊಟ್ಟಣ ತಡಕುವವನಂತೆ.
ಕೈಗೆ ತಾಕಿತು, ಇನ್ನೇನು ಗೀರಬೇಕು,
‘ಸಾಲ ಬೇಕೇ? ಐದೇ ನಿಮಿಷದಲ್ಲಿ!’
ಹೆಂಗಸೊಬ್ಬಳು ಕೂಗಿದಳು.
ತಿಂಗಳ ದುಡ್ಡು ಕಟ್ಟದವನ ರಾಗದಲ್ಲಿ
ಅವಳೂ ಒಂದು ಸ್ವರ.

ಹೆಸರು ಇಂಗ್ಲಿಷಿನಲ್ಲಿತ್ತು. ಆರು ತಿಂಗಳು
‘ಟೋಡಿ’ ಎಂದೇ ಓದಿಕೊಂಡೆ.
ಅದು ತೋಡಿ ಎಂದು ತಿಳಿದ ರಾತ್ರಿ
ಸರಿ ಅನ್ನಿಸಿತು. ನಮ್ಮಪ್ಪ ಬಾವಿ ತೋಡುತ್ತಿದ್ದವನು.
ಆ ಕಡೆ ಈ ಕಡೆ ಹೋಗುವ ಹಾಗಿಲ್ಲ,
ನಿಂತಲ್ಲೇ ಇಳಿಯಬೇಕು.

ಮುದುಕನ ಷಡ್ಜವೂ ನಮ್ಮ ಕಂಪ್ರೆಸರೂ ಒಂದೇ ಮನೆ.
ಕಿವಿಯಿಂದ ಒಂದು ಗುಂಡಿ ತೆಗೆದು ನೋಡಿದೆ, ಹಾಕಿ ನೋಡಿದೆ.
ಸುಳ್ಳಲ್ಲ.

ಯಾವ ಊರಿನ ಕಛೇರಿಯೋ ಬರೆದಿಲ್ಲ.
ಯಾರೋ ಟೇಪಿಗೆ ಹಿಡಿದದ್ದು, ಯಾರದೋ ಬೀರುವಿನಲ್ಲಿದ್ದದ್ದು.
ಹನ್ನೊಂದನೇ ನಿಮಿಷಕ್ಕೆ ಸಭೆಯಲ್ಲೊಬ್ಬ ಕೆಮ್ಮುತ್ತಾನೆ.
ಬಾಯಿಗೆ ಟವೆಲು ಅಡ್ಡ ಹಿಡಿದು ಕೆಮ್ಮಿದ ಕೆಮ್ಮು.
ಗಾಂಧಾರ ಆಗ ನಡುಗುತ್ತಿರುತ್ತದೆ,
ಕೆಮ್ಮಿಗಾಗಿ ಒಂದು ಕ್ಷಣ ಕಾಯುತ್ತದೆ,
ಅಥವಾ ನನಗೆ ಹಾಗೆ ಕೇಳಿಸುತ್ತದೆ.
ಇಪ್ಪತ್ತೆರಡರಲ್ಲಿ ಟೇಪು ಮಗುಚಿದ ಸದ್ದು.
ಆ ಕಡೆಗೂ ಈ ಕಡೆಗೂ ನಡುವೆ
ಏನು ಹಾಡಿದನೋ, ದೇವರಿಗೇ ಗೊತ್ತು.

ವಾಚ್‌ಮನ್ ಅಣ್ಣೇಗೌಡರಿಗೆ ಒಂದು ಕಿವಿಯದು ಕೊಟ್ಟೆ.
‘ಇದೇನ್ಲಾ ಕಾಳೇಶ, ಬರೀ ಆ ಅಂತಾನೆ, ಹಲ್ನೋವಾ?’
ಅಂದರು, ಆದರೆ ತೆಗೆಯಲಿಲ್ಲ.
ಕೆಮ್ಮು ಬಂದಾಗ ತಲೆ ಎತ್ತಿದರು.
‘ಯಾವನೋ ಬೀಡಿಯವ್ನು. ನಮ್ಮೋನೆ.’
ಆಮೇಲೆ ದಿನಾ ರಾತ್ರಿ, ಮೂಟೆ ಎಣಿಸುತ್ತಾ ದೂರದಿಂದ,
‘ಕೆಮ್ಮಿದ್ನಾ?’
‘ಹೂಂ, ಕೆಮ್ಮಿದ.’
ಗೇಟಿನ ಬೀಗ ನೋಡಿ ಬಂದಷ್ಟು ನೆಮ್ಮದಿ ಅವರಿಗೆ.

ಮೊನ್ನೆ ಹುಡುಕಿದರೆ ಆ ಹಳೆಯದು ಇಲ್ಲ.
ಅದೇ ಚಿತ್ರ, ಅದೇ ಹೆಸರು,
ಕೆಳಗೆ ಸಣ್ಣಕ್ಷರದಲ್ಲಿ, ಶುದ್ಧೀಕರಿಸಿದ ಆವೃತ್ತಿ.
ಒತ್ತಿದೆ. ತಂಬೂರಿ ಕನ್ನಡಿಯಷ್ಟು ತಿಳಿ.
ಮುದುಕ ಉಸಿರೆಳೆಯುವುದೂ ಕೇಳುತ್ತದೆ,
ಪಕ್ಕದಲ್ಲೇ ಕೂತ ಹಾಗೆ.
ಚೆನ್ನಾಗಿದೆ. ಚೆನ್ನಾಗಿಲ್ಲ ಎಂದರೆ ಪಾಪ ಬರುತ್ತದೆ.
ಹತ್ತು ನಿಮಿಷ ಐವತ್ತು ಸೆಕೆಂಡು.
ಹನ್ನೊಂದು.
ಗಾಂಧಾರ ನಡುಗಿತು, ಕಾಯಿತು,
ಯಾರೂ ಬರಲಿಲ್ಲ.

ಟೇಪು ಮಗುಚಿದ್ದೂ ಇಲ್ಲ.
ಆ ಕಡೆ ಈ ಕಡೆ ಎಳೆದು ಹೊಲಿದಿದ್ದಾರೆ,
ಗಾಯ ಕಾಣದ ಹಾಗೆ.

ಸಭೆ ಅಂತ ಒಂದಿತ್ತಲ್ಲ, ಜಮಖಾನ, ಚಪ್ಪಲಿ,
ಎದ್ದು ಹೋಗಲಾರದೆ ಕೂತ ಆ ಬೀಡಿಯವನು,
ಅವನು ಹಾಡಿಗೆ ಕೊಟ್ಟದ್ದು ಅದೊಂದೇ.
ಬದುಕಿದ್ದಾನೋ ಇಲ್ಲವೋ,
ನಮ್ಮಲ್ಲಂತೂ ಬೆಚ್ಚಗಿದ್ದ, ಮೂರು ಡಿಗ್ರಿಯಲ್ಲಿ.

ಜಲಂಧರದ ಮೂಟೆಗಳ ಆಚೆಯಿಂದ
ಟಾರ್ಚು ಅಲ್ಲಾಡಿತು.
‘ಕೆಮ್ಮಿದ್ನಾ?’

ಮೂರು ಗಂಟೆ. ಮೂರು ಡಿಗ್ರಿ ಎಂದು ಬರೆದೆ,
ಮುಳ್ಳು ಮೂರೂವರೆಯ ಹತ್ತಿರ ಇತ್ತು.
‘ಹೂಂ,’ ಅಂದೆ.
‘ಇವತ್ತು ಸ್ವಲ್ಪ ಜಾಸ್ತೀನೆ.’